ಹುಷಾರಾಗಿರಿ ಅಂದರೆ ಸಾಲದು

ಔಷಧ ಕೊಡುವಲ್ಲಿ ಎಡವಟ್ಟಾಗಿ ರೋಗಿಗೆ ತೊಂದರೆಯಾದರೆ ಮರುದಿನ ಎಂಥ ಸುತ್ತೋಲೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ‘ಸಿಬ್ಬಂದಿ ಇನ್ನು ಮುಂದೆ ಹೆಚ್ಚಿನ ಎಚ್ಚರಿಕೆ ವಹಿಸತಕ್ಕದ್ದು.’ ಎಲ್ಲರೂ ಓದಿ ಸಹಿ ಹಾಕುತ್ತಾರೆ. ಗೋಡೆಗೊಂದು ಪೋಸ್ಟರ್ ಬರುತ್ತದೆ. ತಪ್ಪು ಮಾಡಿದವರಿಗೆ ನೋಟಿಸ್ ಹೋಗುತ್ತದೆ, ಕೆಲವೊಮ್ಮೆ ಅವರ ಕೆಲಸವೇ ಹೋಗುತ್ತದೆ. ಆಮೇಲೆ ಯಾವಾಗಲೋ ಅದೇ ತಪ್ಪು ಇನ್ನೊಂದು ವಾರ್ಡಿನಲ್ಲಿ, ಇನ್ನೊಬ್ಬರ ಕೈಯಲ್ಲಿ ಆಗುತ್ತದೆ.

ಔಷಧ ವಿಭಾಗದಲ್ಲೇ ಬಹುಕಾಲ ಕಳೆದ ನನಗೆ ಈ ಸುತ್ತೋಲೆಗಳ ಬಗ್ಗೆ ಗಟ್ಟಿ ಅಭಿಪ್ರಾಯವಿದೆ. ಅವುಗಳಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಅವುಗಳಿಂದ ಏನೂ ಬದಲಾಗುವುದಿಲ್ಲ. ಎಚ್ಚರ ತಪ್ಪಿತು, ಹಾಗಾಗಿ ತಪ್ಪಾಯಿತು ಅನ್ನುವುದು ನಿಜವೇ. ಆದರೆ ಎಚ್ಚರ ಅನ್ನುವುದು ಮನುಷ್ಯರಲ್ಲಿ ಏರುತ್ತಾ ಇಳಿಯುತ್ತಾ ಇರುವಂಥದ್ದು. ರಾತ್ರಿಪಾಳಿಯ ಕೊನೆಯಲ್ಲಿ ಇಳಿಯುತ್ತದೆ. ಒಂದೇ ಹೊತ್ತಿಗೆ ಮೂರು ಕಡೆಯಿಂದ ಕರೆ ಬಂದಾಗ ಇಳಿಯುತ್ತದೆ. ಹಾಗೆ ಇಳಿದ ಗಳಿಗೆಯಲ್ಲೂ ರೋಗಿಗೆ ಅಪಾಯ ಆಗಬಾರದು. ಅದಕ್ಕೆ ಏನು ಏರ್ಪಾಡು ಮಾಡಿದ್ದೀರಿ ಎಂದು ಕೇಳುವ ಸುತ್ತೋಲೆ ಮಾತ್ರ ಅಪರೂಪ.

ವಿನ್‌ಕ್ರಿಸ್ಟಿನ್ ಎಂಬ ಔಷಧದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸದಾಪುಷ್ಪ ಎಂದು ನಾವು ಕರೆಯುವ ಹೂವಿನ ಗಿಡದಿಂದ ಸಿಕ್ಕಿದ್ದು ಇದು. 1960ರ ದಶಕದಿಂದ ರಕ್ತದ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಎಷ್ಟೋ ಮಕ್ಕಳು ಬದುಕಿ ಬಂದದ್ದರಲ್ಲಿ ಇದರ ಪಾಲಿದೆ. ಆದರೆ ಇದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೆ ಹೋದರೆ ನರಮಂಡಲವೇ ಹಾಳಾಗುತ್ತದೆ. ಹಾಗಾದ ಮೇಲೆ ಬದುಕಿ ಉಳಿದವರು ತೀರಾ ಕಡಿಮೆ. ತೊಡಕಿರುವುದು ಇಲ್ಲಿ: ಅದೇ ಕಾಯಿಲೆಗೆ ಬೆನ್ನಿನ ಸೂಜಿಯ ಮೂಲಕವೇ ಕೊಡಬೇಕಾದ ಬೇರೆ ಔಷಧವೂ ಇದೆ. ಅದೂ ಸಿರಿಂಜ್‌ನಲ್ಲಿ ಬರುತ್ತಿತ್ತು, ಇದೂ ಸಿರಿಂಜ್‌ನಲ್ಲಿ ಬರುತ್ತಿತ್ತು. ಎರಡೂ ಆ ಸೂಜಿಗೆ ಸರಿಯಾಗಿ ಕೂರುತ್ತಿದ್ದವು.

2001ರ ಜನವರಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಒಂದು ಆಸ್ಪತ್ರೆಗೆ 18 ವರ್ಷದ ಹುಡುಗ ಬಂದ. ಅವನ ಕ್ಯಾನ್ಸರ್ ಹತೋಟಿಗೆ ಬಂದಿತ್ತು. ಕಾಯಿಲೆ ಮರಳದಿರಲಿ ಎಂದು ಮುಂದುವರಿಸಿದ್ದ ಚಿಕಿತ್ಸೆ ಅಷ್ಟೇ. ಎರಡು ಸಿರಿಂಜ್‌ಗಳು ಒಟ್ಟಿಗೆ ಬಂದವು. ಇಬ್ಬರು ವೈದ್ಯರಿದ್ದರು. ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋಯಿತು. ತಪ್ಪು ಗೊತ್ತಾದ ಕೂಡಲೇ ಮಾಡಬಹುದಾದ್ದನ್ನೆಲ್ಲ ಮಾಡಿದರು. ಸುಮಾರು ನಾಲ್ಕು ವಾರಗಳಲ್ಲಿ ಹುಡುಗ ತೀರಿಕೊಂಡ.

ಇದು ಮೊದಲ ಘಟನೆಯಾಗಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಹೀಗೇ ಆಗಿತ್ತು. ಪ್ರತಿ ಸಲವೂ ಎಚ್ಚರಿಕೆ ಹೆಚ್ಚಿತು. ಲೇಬಲ್ ಮೇಲೆ ಪ್ರಾಣಾಪಾಯದ ಸೂಚನೆ ಬಂತು. ಇಬ್ಬರು ಓದಿ ನೋಡಬೇಕು ಎಂಬ ನಿಯಮ ಬಂತು. ಆದರೂ ಆಯಿತು. ಸೂಚನೆ ಓದುವವರು ಮನುಷ್ಯರು. ಕೈಯಲ್ಲಿರುವುದು ಬೆನ್ನಿನ ಔಷಧವೇ ಎಂದು ಒಮ್ಮೆ ಮನಸ್ಸು ತೀರ್ಮಾನಿಸಿಬಿಟ್ಟರೆ ಕಣ್ಣು ಲೇಬಲ್ ಮೇಲೂ ಅದನ್ನೇ ಓದುತ್ತದೆ. ಪಕ್ಕದಲ್ಲಿ ನಿಂತ ಎರಡನೆಯವರು ‘ಇವರು ನೋಡಿದ್ದಾರಲ್ಲ’ ಅಂದುಕೊಳ್ಳುತ್ತಾರೆ. ಇಬ್ಬರು ಪರೀಕ್ಷಿಸುವುದರಲ್ಲಿ ಇರುವ ದೊಡ್ಡ ಕುಂದು ಇದು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಒಪ್ಪಿಕೊಂಡರೆ ಅದು ಎರಡು ಪರೀಕ್ಷೆ ಆಗುವುದಿಲ್ಲ.

ಪರಿಹಾರ ಬೇರೆ ಕಡೆಯಿಂದ ಬಂತು. ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜ್‌ಗೆ ತುಂಬಲೇಬೇಡಿ, ಸಣ್ಣ ಸಲೈನ್ ಚೀಲಕ್ಕೆ ಬೆರೆಸಿ ಡ್ರಿಪ್ ಮೂಲಕ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಸುಮಾರು 50 ಮಿಲಿಲೀಟರ್ ದ್ರವ ಇರುವ ಚೀಲವನ್ನು ಬೆನ್ನಿನ ಸೂಜಿಗೆ ಹಿಡಿದು ಒತ್ತಲು ಯಾರೂ ಹೋಗುವುದಿಲ್ಲ. ಸುಸ್ತಾದ ವೈದ್ಯರೂ, ಹೊಸದಾಗಿ ಬಂದವರೂ ಹೋಗುವುದಿಲ್ಲ. ಮುಂದೆ ಇನ್ನೊಂದು ಹೆಜ್ಜೆ ಬಂತು. ಬೆನ್ನಿನ ಸೂಜಿ ಮತ್ತು ಅದರ ಸಿರಿಂಜ್‌ಗೆ ಬೇರೆಯದೇ ಅಳತೆಯ ಜೋಡಣೆ ಮಾಡಿದರು. ಸಾಮಾನ್ಯ ಸಿರಿಂಜ್ ಅದಕ್ಕೆ ಕೂರುವುದೇ ಇಲ್ಲ.

ಇಷ್ಟು ಉದ್ದಕ್ಕೆ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಔಷಧ ಸುರಕ್ಷತೆಯ ಕೆಲಸದಲ್ಲಿರುವವರು ಪರಿಹಾರಗಳನ್ನು ಬಲದ ಪ್ರಕಾರ ಸಾಲಾಗಿ ಜೋಡಿಸುತ್ತಾರೆ. ತಪ್ಪು ಮಾಡಲು ಸಾಧ್ಯವೇ ಆಗದಂತೆ ತಡೆಯುವ ಏರ್ಪಾಡು ಎಲ್ಲಕ್ಕಿಂತ ಮೇಲೆ. ಯಂತ್ರದ ನೆರವು, ಎಲ್ಲ ಕಡೆ ಒಂದೇ ಪದ್ಧತಿ, ನೆನಪಿನ ಪಟ್ಟಿಗಳು ನಡುವೆ. ನಿಯಮ, ತರಬೇತಿ, ‘ಹುಷಾರು’ ಅನ್ನುವ ಮಾತು ಎಲ್ಲಕ್ಕಿಂತ ಕೆಳಗೆ. ನಾವು ಮಾತ್ರ ಯಾವಾಗಲೂ ಕೆಳಗಿನದರಿಂದಲೇ ಶುರು ಮಾಡಿ ಅಲ್ಲೇ ನಿಂತುಬಿಡುತ್ತೇವೆ. ಅದಕ್ಕೆ ಖರ್ಚು ಕಡಿಮೆ, ಅದೂ ಒಂದು ಕಾರಣ.

ಪೊಟ್ಯಾಸಿಯಂ ಕ್ಲೋರೈಡ್ ಇನ್ನೊಂದು ಉದಾಹರಣೆ. ಗಾಢವಾದ ದ್ರಾವಣವನ್ನು ತೆಳು ಮಾಡದೆ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಅದರ ಚಿಕ್ಕ ಶೀಸೆ ಬರಿಯ ನೀರಿನ ಶೀಸೆಯ ಹಾಗೇ ಕಾಣುತ್ತದೆ. ವಾರ್ಡಿನ ಕಪಾಟಿನಲ್ಲಿ ಎರಡೂ ಪಕ್ಕ ಪಕ್ಕ ಇರುತ್ತಿದ್ದವು. ಆಸ್ಪತ್ರೆಗಳ ಗುಣಮಟ್ಟ ನೋಡುವ ಅಮೆರಿಕದ ಜಾಯಿಂಟ್ ಕಮಿಷನ್ 1998ರಲ್ಲಿ ತನ್ನ ಅಪಾಯ ಸೂಚನೆಗಳ ಸರಣಿ ಶುರು ಮಾಡಿದಾಗ ಮೊದಲ ಸೂಚನೆಯೇ ಇದರ ಬಗ್ಗೆ. ಪರಿಹಾರ ತುಂಬ ಸರಳ: ಆ ಶೀಸೆ ವಾರ್ಡಿನಲ್ಲಿ ಇರಲೇಬಾರದು. ಔಷಧ ವಿಭಾಗದಲ್ಲೇ ಬೆರೆಸಿ ಸಿದ್ಧ ಮಾಡಿ ಕಳಿಸಬೇಕು. ಕಪಾಟಿನಲ್ಲಿ ಇಲ್ಲದ ಶೀಸೆಯನ್ನು ಯಾರೂ ತಪ್ಪಾಗಿ ಕೈಗೆತ್ತಿಕೊಳ್ಳಲಾರರು.

ಬರವಣಿಗೆಯಿಂದ ಆಗುವ ತಪ್ಪುಗಳೂ ಹೀಗೇ. ವೈದ್ಯರ ಕೈಬರಹ ಕೆಟ್ಟದು ಎಂದು ಎಲ್ಲರೂ ದೂರುತ್ತಾರೆ. ಆದರೆ ಅಚ್ಚುಕಟ್ಟಾಗಿ ಬರೆದದ್ದೂ ಕೊಲ್ಲಬಹುದು. ಇನ್ಸುಲಿನ್ ಬರೆಯುವಾಗ ಯುನಿಟ್ ಎಂಬುದಕ್ಕೆ ಬರೇ ‘ಯು’ ಎಂಬ ಇಂಗ್ಲಿಷ್ ಅಕ್ಷರ ಬರೆಯುವ ರೂಢಿ ಇತ್ತು. ಅವಸರದಲ್ಲಿ ಆ ಅಕ್ಷರ ಸೊನ್ನೆಯ ಹಾಗೆ ಕಾಣುತ್ತದೆ. 10 ಯುನಿಟ್ ಹೋಗಿ 100 ಆಗುತ್ತದೆ. 1.0 ಎಂದು ಬರೆದರೆ ಚುಕ್ಕೆ ಕಾಣದೆ 10 ಆಗುತ್ತದೆ. ಚುಕ್ಕೆಯ ಮುಂದೆ ಸೊನ್ನೆ ಇಲ್ಲದೆ .5 ಎಂದು ಬರೆದರೆ 5 ಆಗುತ್ತದೆ. ಪ್ರತಿಯೊಂದರಲ್ಲೂ ಡೋಸ್ ಹತ್ತು ಪಟ್ಟು. ಹಾಗಾಗಿ ಯುನಿಟ್ ಎಂದು ಪೂರ್ತಿ ಬರೆಯಿರಿ, 1 ಇದ್ದರೆ 1 ಎಂದಷ್ಟೇ ಬರೆಯಿರಿ, ಅರ್ಧ ಇದ್ದರೆ 0.5 ಎಂದು ಬರೆಯಿರಿ ಅನ್ನುವ ನಿಯಮ ಬಂತು. ಜಾಯಿಂಟ್ ಕಮಿಷನ್ 2004ರಲ್ಲಿ ಇಂಥ ಬಳಸಬಾರದ ಸಂಕೇತಗಳ ಪಟ್ಟಿಯನ್ನೇ ಮಾಡಿತು. ಸಣ್ಣ ವಿಷಯ ಅನಿಸಬಹುದು. ತೂಕ ನೋಡಿ ಡೋಸ್ ಲೆಕ್ಕ ಹಾಕಬೇಕಾದ ಹಸುಗೂಸಿನ ಮುಂದೆ ನಿಂತಾಗ ಇದು ಸಣ್ಣದಲ್ಲ.

1994ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನಡೆದದ್ದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆಯೇ ಬರೆಯುತ್ತಿದ್ದ 39 ವರ್ಷದ ಪತ್ರಕರ್ತೆ. ಸ್ತನ ಕ್ಯಾನ್ಸರ್‌ಗೆ ಹೆಸರಾಂತ ಆಸ್ಪತ್ರೆಯಲ್ಲೇ ಚಿಕಿತ್ಸೆ. ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ನಾಲ್ಕು ದಿನಗಳಿಗೆ ಹಂಚಿ ಕೊಡಬೇಕಿತ್ತು. ನಾಲ್ಕು ದಿನಗಳ ಒಟ್ಟು ಡೋಸ್ ಅನ್ನು ಪ್ರತಿದಿನದ ಡೋಸ್ ಎಂದು ಓದಿಕೊಂಡರು. ನಾಲ್ಕೂ ದಿನ ಕೊಟ್ಟರು. ಇದೇ ರೀತಿ ಇನ್ನೊಬ್ಬ ರೋಗಿಗೂ ಆಗಿತ್ತು. ಪತ್ರಕರ್ತೆ ಆ ಡಿಸೆಂಬರ್‌ನಲ್ಲಿ ತೀರಿಕೊಂಡರು. ತಪ್ಪು ಹೊರಬಿದ್ದದ್ದು ತಿಂಗಳುಗಳ ಮೇಲೆ, ವೈದ್ಯರಿಂದಲೂ ಅಲ್ಲ, ದಾಖಲೆಗಳನ್ನು ಕ್ರೋಡೀಕರಿಸುತ್ತಿದ್ದ ಸಿಬ್ಬಂದಿಯಿಂದ. ಅಷ್ಟು ದೊಡ್ಡ ಡೋಸ್ ಅನೇಕರ ಕಣ್ಣ ಮುಂದೆ ಹಾದುಹೋಗಿತ್ತು. ಹೊಸ ಪ್ರಯೋಗದ ಚಿಕಿತ್ಸೆ, ಡೋಸ್ ಜಾಸ್ತಿ ಇದ್ದರೂ ಇರಬಹುದು ಎಂದು ಅಂದುಕೊಳ್ಳುವಂಥ ವಾತಾವರಣ ಅಲ್ಲಿತ್ತು. ‘ದಿನಕ್ಕೆ ಇಷ್ಟು, ಇಷ್ಟು ದಿನ, ಒಟ್ಟು ಇಷ್ಟು’ ಎಂದು ಮೂರನ್ನೂ ಬಿಡಿಸಿ ಬರೆಯುವ ಪದ್ಧತಿ, ಮಿತಿ ಮೀರಿದರೆ ತಡೆದು ನಿಲ್ಲಿಸುವ ಕಂಪ್ಯೂಟರ್, ಇವೆರಡೂ ಇದ್ದಿದ್ದರೆ ಕತೆ ಬೇರೆ ಆಗುತ್ತಿತ್ತು ಎಂದು ನಾನು ನಂಬುತ್ತೇನೆ.

ಮೆಥೊಟ್ರೆಕ್ಸೇಟ್‌ದೂ ಇದೇ ಜಾತಿಯ ಅಪಾಯ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ ಅದು. ಉಳಿದ ಮಾತ್ರೆಗಳೆಲ್ಲ ದಿನವೂ ಇರುವುದರಿಂದ ಇದನ್ನೂ ದಿನಾ ನುಂಗಿಬಿಡುತ್ತಾರೆ. ಬಾಯಿ ಹುಣ್ಣಾಗುತ್ತದೆ, ರಕ್ತಕಣ ತಯಾರಾಗುವುದೇ ನಿಲ್ಲುತ್ತದೆ, ಜೀವ ಹೋಗುತ್ತದೆ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯದೆ ‘ಸೋಮವಾರ’ ಎಂದು ವಾರದ ಹೆಸರೇ ಹಾಕಬೇಕು. ಯಾವ ಕಾಯಿಲೆಗೆ ಎಂಬುದನ್ನೂ ಬರೆಯಬೇಕು. ಕಾಯಿಲೆಯ ಹೆಸರು ಚೀಟಿಯಲ್ಲಿದ್ದರೆ ಔಷಧ ಅಂಗಡಿಯವರಿಗೂ ಅನುಮಾನ ಪಡಲು ಒಂದು ಆಧಾರ ಸಿಗುತ್ತದೆ. ಇದನ್ನು ಎಲ್ಲ ಔಷಧಕ್ಕೂ ಯಾಕೆ ಮಾಡಬಾರದು ಎಂಬುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಹೆಸರುಗಳ ಗೊಂದಲ ಬೇರೆ. ಹೈಡ್ರಾಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಹೊಟ್ಟೆಯ ಆಮ್ಲಕ್ಕೆ ಕೊಡುವ ಲೋಸೆಕ್ ಎಂಬ ಮಾತ್ರೆ, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಜೊತೆ ಅದಲುಬದಲಾಗುತ್ತಿದ್ದ ಕಾರಣ 1990ರಲ್ಲಿ ಅಮೆರಿಕದಲ್ಲಿ ಅದರ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಿದರು. ಹೆಸರು ಬದಲಿಸುವುದು ಕಂಪನಿಗೆ ನಷ್ಟದ ಕೆಲಸ. ಆದರೂ ಮಾಡಿದ್ದಾರೆ ಎಂದ ಮೇಲೆ ಬೇರೆಯವರೂ ಮಾಡಬಹುದು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ತಪ್ಪು ಮಾಡಿದವರನ್ನು ಏನು ಮಾಡಬೇಕು?

2017ರ ಕೊನೆಯಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ 75 ವರ್ಷದ ಮಹಿಳೆಯನ್ನು ಸ್ಕ್ಯಾನ್‌ಗೆ ಕರೆದೊಯ್ದಿದ್ದರು. ಗಾಬರಿ ಕಡಿಮೆಯಾಗಲಿ ಎಂದು ವರ್ಸೆಡ್ ಎಂಬ ಔಷಧ ಬರೆದಿದ್ದರು. ಹೆಸರು ಒತ್ತಿದರೆ ಔಷಧ ಹೊರಕೊಡುವ ಯಂತ್ರದಲ್ಲಿ ನರ್ಸ್ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು. ಯಂತ್ರದಲ್ಲಿ ಅದು ಮಿಡಜೋಲಾಂ ಎಂಬ ಮೂಲ ಹೆಸರಿನಲ್ಲಿತ್ತು, ಹಾಗಾಗಿ ಸಿಗಲಿಲ್ಲ. ಯಂತ್ರದ ತಡೆಯನ್ನು ದಾಟಿ ಮುಂದೆ ಹೋದಾಗ ಅದೇ ಎರಡು ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ ಬಂತು. ಅದು ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ. ಕೊಟ್ಟರೆ ಉಸಿರಾಟವೇ ನಿಲ್ಲುತ್ತದೆ. ಮಹಿಳೆ ತೀರಿಕೊಂಡರು. ತಪ್ಪು ತಿಳಿದ ಕೂಡಲೇ ನರ್ಸ್ ತಾನೇ ಒಪ್ಪಿಕೊಂಡು ಹೇಳಿದರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಜೈಲಿನ ಬದಲು ಮೂರು ವರ್ಷ ನಿಗಾದಲ್ಲಿರುವ ಶಿಕ್ಷೆ ಆಯಿತು.

ಆ ನರ್ಸ್ ಹಲವು ಎಚ್ಚರಿಕೆಗಳನ್ನು ದಾಟಿದ್ದರು. ಶೀಸೆಯ ಮುಚ್ಚಳದ ಮೇಲೇ ಸೂಚನೆ ಇತ್ತು. ವೆಕ್ಯುರೋನಿಯಂ ಪುಡಿ, ವರ್ಸೆಡ್ ದ್ರವ. ಅದನ್ನು ನಾನು ಮರೆಮಾಚುವುದಿಲ್ಲ. ಸತ್ತವರ ಮನೆಯವರಿಗೆ ಅದು ಸಣ್ಣದೂ ಅಲ್ಲ. ಆದರೆ ಎರಡೇ ಅಕ್ಷರಕ್ಕೆ ಬಾಗಿಲು ತೆರೆಯುವ ಯಂತ್ರ, ಸ್ನಾಯುಗಳನ್ನೇ ಸ್ತಬ್ಧಗೊಳಿಸುವಂಥ ಔಷಧವನ್ನೂ ಸುಲಭವಾಗಿ ಕೊಟ್ಟುಬಿಡುವ ಏರ್ಪಾಡು, ತಡೆಯನ್ನು ದಾಟುವುದು ದಿನನಿತ್ಯದ ಮಾತಾಗಿರುವ ವಾರ್ಡು, ಇವು ಆ ನರ್ಸ್ ಮಾಡಿದ್ದಲ್ಲ. ಕನಿಷ್ಠ ಐದು ಅಕ್ಷರ ಒತ್ತಿದ ಮೇಲೇ ಔಷಧದ ಹೆಸರು ತೋರಿಸಬೇಕು ಎಂಬ ಸಲಹೆ ಈಗ ಇದೆ. ಒಬ್ಬರಿಗೆ ಶಿಕ್ಷೆ ಆದದ್ದರಿಂದ ಮುಂದಿನ ರೋಗಿಗೆ ಸಿಗುವ ರಕ್ಷಣೆ, ಈ ಐದು ಅಕ್ಷರದಿಂದ ಸಿಗುವುದಕ್ಕಿಂತ ತುಂಬಾ ಕಡಿಮೆ.

ಶಿಕ್ಷೆಯಿಂದ ಇನ್ನೊಂದು ಹಾನಿ ಇದೆ. ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾನಿ ಮಾಡಿದ ಪ್ರತಿ ತಪ್ಪಿನ ಹಿಂದೆ, ಸ್ವಲ್ಪದರಲ್ಲೇ ತಪ್ಪಿಹೋದ ಎಷ್ಟೋ ತಪ್ಪುಗಳಿರುತ್ತವೆ. ಸಿರಿಂಜ್ ತುಂಬಿದ ಮೇಲೆ ‘ಅಯ್ಯೋ, ಇದಲ್ಲ’ ಎಂದು ಕೆಳಗಿಟ್ಟ ಗಳಿಗೆಗಳು. ಕಲಿಯುವುದಕ್ಕೆ ಅವೇ ಚಿನ್ನದಂಥವು, ಯಾಕೆಂದರೆ ಯಾರಿಗೂ ನೋವಾಗಿರುವುದಿಲ್ಲ. ಅವನ್ನು ಹೇಳಿಕೊಂಡರೆ ನೋಟಿಸ್ ಬರುತ್ತದೆ ಎಂದಾದರೆ ಯಾರು ಹೇಳುತ್ತಾರೆ? ಲೂಸಿಯನ್ ಲೀಪ್ ಎಂಬ ಮಕ್ಕಳ ಶಸ್ತ್ರಚಿಕಿತ್ಸಕರು 1994ರಲ್ಲೇ ಇದನ್ನು ಬರೆದಿದ್ದರು. ತಪ್ಪೇ ಮಾಡದ ವೈದ್ಯರನ್ನು ನಿರೀಕ್ಷಿಸುವುದನ್ನು ಬಿಟ್ಟು, ತಪ್ಪಿಗೆ ದಾರಿ ಮಾಡುವ ವ್ಯವಸ್ಥೆಯನ್ನು ತಿದ್ದಿ ಎಂಬುದು ಅವರ ವಾದ. ನಾನು ಪೂರ್ತಿ ಅವರ ಕಡೆ. ಬೇಕೆಂದೇ ಮಾಡಿದವರ ಮಾತು ಬೇರೆ, ಕುಡಿದು ಕೆಲಸಕ್ಕೆ ಬಂದವರ ಮಾತು ಬೇರೆ. ಅವರನ್ನು ಬಿಟ್ಟರೆ ಉಳಿದವರು ಹೇಳಿಕೊಳ್ಳಲು ಹೆದರದಂಥ ಜಾಗ ಬೇಕು.

ಕಂಪ್ಯೂಟರ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಒಂದು ಮಾತು. ಸಹಾಯ ಖಂಡಿತ ಆಗುತ್ತದೆ. ರೋಗಿಯ ಕೈಪಟ್ಟಿ ಮತ್ತು ಔಷಧ ಎರಡರ ಬಾರ್‌ಕೋಡ್ ಹೊಂದಿಸಿ ನೋಡುವ ಪದ್ಧತಿ ತಂದ ಒಂದು ಆಸ್ಪತ್ರೆಯಲ್ಲಿ, ಹೊತ್ತು ತಪ್ಪಿದ್ದನ್ನು ಬಿಟ್ಟು ಔಷಧ ಕೊಡುವಲ್ಲಿನ ಉಳಿದ ತಪ್ಪುಗಳು 41% ಕಡಿಮೆಯಾದವು ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೆ ಅದೇ ಕಂಪ್ಯೂಟರ್ ಪ್ರತಿ ಚೀಟಿಗೂ ಹತ್ತು ಎಚ್ಚರಿಕೆ ತೋರಿಸಿದರೆ ಓದುವವರು ಓದುವುದನ್ನೇ ಬಿಡುತ್ತಾರೆ. ಬೇಡದ ಒಂಬತ್ತರ ಜೊತೆ ಬೇಕಾದ ಒಂದನ್ನೂ ಒತ್ತಿ ಮುಚ್ಚುತ್ತಾರೆ. ಎಚ್ಚರಿಕೆಗಳನ್ನು ಕಡಿಮೆ ಮಾಡುವುದೂ ಸುರಕ್ಷತೆಯ ಕೆಲಸವೇ. ಕರೆಗಳ ವಿಷಯವೂ ಹಾಗೇ. ಔಷಧ ಕೊಡುತ್ತಿರುವ ನರ್ಸ್‌ಗೆ ಒಂದೊಂದು ಸಲ ಅಡ್ಡಿಯಾದಾಗಲೂ ತಪ್ಪಿನ ಸಾಧ್ಯತೆ ಸುಮಾರು 12% ಏರುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಲೆಕ್ಕ ಹಾಕಿದ್ದಾರೆ. ಆ ಹೊತ್ತಿನಲ್ಲಿ ಸುಮ್ನೆ ಬಿಡಿ ಅವರನ್ನು. ರೋಗಿಯ ಕಡೆಯವರಿಗೂ ಇದನ್ನು ಹೇಳುತ್ತೇನೆ.

ಇಷ್ಟು ಹೊತ್ತೂ ಆಸ್ಪತ್ರೆಯ ಮಾತಾಯಿತು. ಆದರೆ ಔಷಧದಿಂದ ಆಗುವ ಹಾನಿಯಲ್ಲಿ ದೊಡ್ಡ ಪಾಲು ಮನೆಯಲ್ಲೇ ಆಗುತ್ತದೆ. ಅಲ್ಲಿ ಬಾರ್‌ಕೋಡ್ ಇಲ್ಲ, ಎರಡನೆಯ ಜೋಡಿ ಕಣ್ಣೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಔಷಧದಿಂದ ಆಗುವ ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕು ಎಂಬ ಗುರಿ ಇಟ್ಟಿತು. ಔಷಧದ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಹೊರೆ ಎಂದು ಆಗ ಅಂದಾಜಿಸಿತ್ತು. ಮೂರು ಕಡೆ ಹೆಚ್ಚು ಗಮನ ಕೊಡಿ ಎಂದಿತು: ಅಪಾಯ ಹೆಚ್ಚಿರುವ ಔಷಧ ಮತ್ತು ಸಂದರ್ಭಗಳು, ಒಬ್ಬರೇ ಹಲವು ಔಷಧ ತೆಗೆದುಕೊಳ್ಳುವುದು, ಮತ್ತು ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು. ಕೊನೆಯ ಎರಡೂ ಹೆಚ್ಚಾಗಿ ಮನೆ ಬಾಗಿಲಲ್ಲೇ ಇರುವ ಸಮಸ್ಯೆಗಳು.

ಡಿಸ್ಚಾರ್ಜ್ ಆಗುವ ದಿನವನ್ನೇ ನೋಡಿ. ಆಸ್ಪತ್ರೆಗೆ ಬರುವ ಮುಂಚೆ ನಾಲ್ಕು ಮಾತ್ರೆ ಇದ್ದವು. ಒಳಗೆ ಎರಡನ್ನು ನಿಲ್ಲಿಸಿದರು, ಒಂದರ ಡೋಸ್ ಬದಲಿಸಿದರು, ಮೂರು ಹೊಸದು ಸೇರಿಸಿದರು. ಮನೆಗೆ ಹೋದ ಮೇಲೆ ಹಳೆಯ ಡಬ್ಬಿ ಹಾಗೇ ಇದೆ. ಹಳೆಯದೂ ಮುಂದುವರಿಯುತ್ತದೆ, ಹೊಸದೂ ಸೇರುತ್ತದೆ. ಎಷ್ಟೋ ಸಲ ಎರಡರಲ್ಲೂ ಇರುವುದು ಒಂದೇ ಔಷಧ, ಕಂಪನಿ ಇಟ್ಟ ಹೆಸರು ಮಾತ್ರ ಬೇರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೋ ಸಕ್ಕರೆ ಕಾಯಿಲೆಯ ಮಾತ್ರೆಯೋ ಹೀಗೆ ಎರಡೆರಡು ಆದರೆ ಕೆಲವೇ ದಿನಗಳಲ್ಲಿ ರೋಗಿ ವಾಪಸ್ ಬರುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಹೊಸದಾಗಿ ಶುರು ಮಾಡಿದ್ದು, ನಿಲ್ಲಿಸಿದ್ದು, ಬದಲಿಸಿದ್ದು, ಹಾಗೇ ಇರುವುದು’ ಎಂದು ನಾಲ್ಕು ಭಾಗ ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ‘ನಿಲ್ಲಿಸಿದ್ದು’ ಎಂಬ ಭಾಗವೇ ಎಲ್ಲಕ್ಕಿಂತ ಮುಖ್ಯ, ಮತ್ತು ಸಾಮಾನ್ಯವಾಗಿ ಇಲ್ಲದಿರುವುದೂ ಅದೇ.

ಮಾತ್ರೆ ಮಾತ್ರೆಯನ್ನು ಕರೆಯುವ ಇನ್ನೊಂದು ಬಗೆ ಇದೆ. ವಯಸ್ಸಾದವರೊಬ್ಬರಿಗೆ ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು. ಅದರಿಂದ ಕಾಲಿನ ಗಿಣ್ಣು ಊದಿಕೊಂಡಿತು, ಅದರ ಅಡ್ಡಪರಿಣಾಮವೇ ಅದು. ಊತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಬಂತು. ಅದರಿಂದ ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳು ನೋಯತೊಡಗಿತು. ನೋವಿಗೆ ಒಂದು ಮಾತ್ರೆ, ಯೂರಿಕ್ ಆಮ್ಲಕ್ಕೆ ಇನ್ನೊಂದು. ರಾತ್ರಿ ಪದೇ ಪದೇ ಎದ್ದು ಹೋಗಬೇಕಾಗಿ ನಿದ್ದೆ ಕೆಟ್ಟಿತು, ನಿದ್ದೆಗೊಂದು ಮಾತ್ರೆ. ನಿದ್ದೆ ಮಾತ್ರೆಯ ಮಂಪರಿನಲ್ಲಿ ಎದ್ದು ನಡೆಯುವಾಗ ಬಿದ್ದು ಸೊಂಟ ಮುರಿಯಿತು. ಒಬ್ಬೊಬ್ಬ ವೈದ್ಯರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದ್ದನ್ನೇ ಕೊಟ್ಟಿರುತ್ತಾರೆ. ಮೊದಲ ಮಾತ್ರೆಯನ್ನು ಬದಲಿಸಿದ್ದರೆ ಉಳಿದ ಯಾವುದೂ ಬೇಕಿರಲಿಲ್ಲ. ಇಂಥ ಸರಪಳಿಯನ್ನು ಪೌಲಾ ರೋಚನ್ ಮತ್ತು ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲೇ ಗುರುತಿಸಿ ಬರೆದರು. ಹೊಸ ತೊಂದರೆ ಕಾಣಿಸಿಕೊಂಡಾಗಲೆಲ್ಲ ಮೊದಲು ಕೇಳಬೇಕಾದ್ದು ‘ಇದು ಈಗ ತೆಗೆದುಕೊಳ್ಳುತ್ತಿರುವ ಔಷಧದಿಂದಲೇ ಬಂದಿರಬಹುದಾ?’ ಎಂದು. ವೈದ್ಯರು ಕೇಳದಿದ್ದರೆ ನೀವೇ ಕೇಳಿ. ಅದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಆದರೆ ಕೇಳದೆ ನೀವಾಗಿಯೇ ನಿಲ್ಲಿಸುವುದು ಬೇಡ. ಫಿಟ್ಸ್ ಮಾತ್ರೆ, ಬಹುದಿನ ತೆಗೆದುಕೊಂಡ ಸ್ಟೀರಾಯ್ಡ್, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಅದೇ ದೊಡ್ಡ ಅಪಾಯ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡುವುದೂ ಬೇಡ. ಇಡೀ ದಿನದ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ.

ಚೀಟಿ ಇಲ್ಲದೆ ಸಿಗುವ ಔಷಧವನ್ನು ಔಷಧ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ ಜನ. ‘ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ಸ್ವಲ್ಪ ಬಿಡಿಸಿ ಕೇಳಿದರೆ ನೋವಿನ ಮಾತ್ರೆ, ನಾಟಿ ಔಷಧ, ವಿಟಮಿನ್ ಎಲ್ಲ ಹೊರಬರುತ್ತವೆ. ಪ್ಯಾರಾಸಿಟಮಾಲ್ ಒಳ್ಳೆಯ ಔಷಧ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೇಲಿನ ಮಿತಿ. ಆದರೆ ಅದು ಜ್ವರದ ಮಾತ್ರೆಯಲ್ಲೂ ಇದೆ, ನೆಗಡಿಯ ಮಾತ್ರೆಯಲ್ಲೂ ಇದೆ, ಮೈಕೈ ನೋವಿನ ಮಾತ್ರೆಯಲ್ಲೂ ಇದೆ. ಮೂರೂ ಸೇರಿದರೆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ಲಿವರ್‌ಗೆ ಪೆಟ್ಟು ಬಿದ್ದರೂ ಮೊದಲ ದಿನ ಏನೂ ಅನಿಸದಿರಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದು ಇದೆ. ಜಾಸ್ತಿ ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದರ ಫಲ ಚೆನ್ನಾಗಿರುತ್ತದೆ. ಹಾಗಾಗಿ ಜಾಸ್ತಿ ಆಗಿದೆ ಎಂದು ಅನುಮಾನ ಬಂದರೆ ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಕಾಯಬಾರದು. ಇನ್ನೊಂದು ಜೋಡಣೆ ನೆನಪಿಡಿ. ಪ್ರಿಲ್ ಅಥವಾ ಸಾರ್ಟನ್ ಎಂದು ಮುಗಿಯುವ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇವೆರಡರ ಜೊತೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಕಷ್ಟ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಇನ್ನೂ ಕಷ್ಟ.

ಮಕ್ಕಳಿಗೆ ಸಿರಪ್ ಕೊಡುವಾಗ ‘ಒಂದು ಚಮಚ’ ಎಂಬ ಅಳತೆಯನ್ನು ಬಿಟ್ಟುಬಿಡಿ. ಚಮಚಗಳು ಒಂದೊಂದು ಗಾತ್ರ. ಮಿಲಿಲೀಟರ್ ಗುರುತಿರುವ ಸಿರಿಂಜ್‌ನಲ್ಲೇ ಅಳೆಯಬೇಕು. ಬಾಟಲಿ ಬದಲಾದಾಗ 5 ಮಿಲಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಪ್ರತಿ ಸಲ ನೋಡಬೇಕು. ಕೂಸುಗಳಿಗೆ ಹನಿಯಲ್ಲಿ ಕೊಡುವ ದ್ರವದಲ್ಲಿ ಔಷಧ ಸಿರಪ್‌ಗಿಂತ ಗಾಢವಾಗಿರಬಹುದು. ತೀವ್ರ ನೋವಿಗೆ ಅಂಟಿಸುವ ಫೆಂಟನಿಲ್ ಪಟ್ಟಿ ಮನೆಯಲ್ಲಿದ್ದರಂತೂ ಬಳಸಿ ತೆಗೆದದ್ದರಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಔಷಧ ಕೊಟ್ಟವರು ಹೇಳಿದ ರೀತಿಯಲ್ಲಿ ಕೂಡಲೇ ವಿಲೇವಾರಿ ಮಾಡಬೇಕು.

ಅಲರ್ಜಿಯ ವಿಷಯದಲ್ಲಿ ಉಲ್ಟಾ ತೊಂದರೆ. ಸುಮಾರು 10% ಜನರ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿರುತ್ತದೆ. ಪರೀಕ್ಷಿಸಿ ನೋಡಿದರೆ ಅವರಲ್ಲಿ 90%ಕ್ಕೂ ಹೆಚ್ಚು ಜನ ಆ ಔಷಧವನ್ನು ತೊಂದರೆ ಇಲ್ಲದೆ ತೆಗೆದುಕೊಳ್ಳಬಲ್ಲರು. ಯಾವಾಗಲೋ ಚಿಕ್ಕಂದಿನಲ್ಲಿ ಬಂದ ಗುಳ್ಳೆಗಳು, ಯಾರೋ ಬರೆದ ಒಂದು ಸಾಲು, ಆಮೇಲೆ ಜೀವನಪೂರ್ತಿ ಬೇರೆ ಔಷಧ. ‘ಅಲರ್ಜಿ ಇದೆ’ ಎಂದಷ್ಟೇ ಹೇಳದೆ ಆಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂದು ಹೇಳಿದರೆ ವೈದ್ಯರಿಗೆ ನಿರ್ಧರಿಸಲು ದಾರಿ ಸಿಗುತ್ತದೆ. ಮನೆಯಲ್ಲೇ ಪ್ರಯೋಗ ಮಾಡಿ ನೋಡುವ ವಿಷಯ ಇದಲ್ಲ.

ಇಷ್ಟೆಲ್ಲ ರೋಗಿಯ ತಲೆ ಮೇಲೆ ಹಾಕಿದರೆ ನಾನೂ ಸುತ್ತೋಲೆ ಬರೆದ ಹಾಗೇ ಆಗುತ್ತದೆ, ಅಲ್ವಾ? ಹಾಗಾಗಿ ಮನೆಯಲ್ಲೂ ಬೇಕಿರುವುದು ಏರ್ಪಾಡುಗಳೇ. ಎಲ್ಲ ಔಷಧಗಳ ಒಂದೇ ಪಟ್ಟಿ, ಮೂಲ ಹೆಸರು, ಡೋಸ್, ಯಾವುದಕ್ಕೆ, ಯಾರು ಬರೆದದ್ದು, ಯಾವಾಗ ನಿಲ್ಲಿಸಬೇಕು. ಪ್ರತಿ ವೈದ್ಯರ ಮುಂದೆಯೂ ಮೊದಲು ಅದನ್ನು ಇಡುವುದು. ನಿಲ್ಲಿಸಿದ ಮಾತ್ರೆಗಳು ಅದೇ ದಿನ ಮನೆಯ ಡಬ್ಬಿಯಿಂದ ಹೊರಗೆ. ವಾರದ ಮಾತ್ರೆಗಳಿಗೆ ಖಾನೆ ಇರುವ ಡಬ್ಬಿ. ವೈದ್ಯರೂ ಫಾರ್ಮಸಿಸ್ಟ್‌ಗಳೂ ‘ಅರ್ಥವಾಯಿತಾ?’ ಎಂದು ಕೇಳುವುದನ್ನು ಬಿಟ್ಟು ‘ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳಿ’ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಎರಡನೆಯದಕ್ಕೆ ನಿಜವಾದ ಉತ್ತರ ಬರುತ್ತದೆ, ಕೆಲವೊಮ್ಮೆ ಕೇಳಿ ಎದೆ ಝಲ್ಲೆನ್ನುವಂಥ ಉತ್ತರ.

ಔಷಧದಿಂದ ತೊಂದರೆ ಕಂಡರೆ ವರದಿ ಮಾಡುವ ಇನ್ನೊಂದು ಏರ್ಪಾಡಿದೆ, ಅದರ ಬಗ್ಗೆ ರೋಗಿಗಳಿಗೆ ಹೇಳುವವರೇ ಕಡಿಮೆ. ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆ 1957ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂತು. ಗರ್ಭಿಣಿಯರ ವಾಕರಿಕೆಗೂ ಕೊಟ್ಟರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದರು, ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು. ಜರ್ಮನಿಯಲ್ಲಿ ವಿಡುಕಿಂಡ್ ಲೆನ್ಜ್, ಆಸ್ಟ್ರೇಲಿಯಾದಲ್ಲಿ ವಿಲಿಯಂ ಮ್ಯಾಕ್‌ಬ್ರೈಡ್ ಎಂಬ ವೈದ್ಯರು 1961ರಲ್ಲಿ ಅನುಮಾನ ಎತ್ತಿದರು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಅಲ್ಲಲ್ಲಿ ಒಬ್ಬೊಬ್ಬರು ಕಂಡದ್ದನ್ನು ಒಂದು ಕಡೆ ಸೇರಿಸುವ ಜಾಗವೇ ಇರಲಿಲ್ಲ. ಆ ಜಾಗ ಮಾಡಲೆಂದೇ ಬ್ರಿಟನ್ 1964ರಲ್ಲಿ ‘ಹಳದಿ ಕಾರ್ಡ್’ ಎಂಬ ವರದಿ ಪದ್ಧತಿ ಶುರು ಮಾಡಿತು, ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಹಲವು ದೇಶಗಳ ವರದಿಗಳನ್ನು ಒಟ್ಟುಗೂಡಿಸತೊಡಗಿತು. ಈಗ ಸ್ವೀಡನ್ನಿನ ಉಪ್ಸಾಲಾದಲ್ಲಿ ಆ ವರದಿಗಳೆಲ್ಲ ಸೇರುತ್ತವೆ. ಹಲವು ದೇಶಗಳಲ್ಲಿ ರೋಗಿಗಳೇ ನೇರವಾಗಿ ವರದಿ ಮಾಡಬಹುದು. ಔಷಧದ ಹೆಸರು, ಯಾವಾಗ ಶುರು ಮಾಡಿದ್ದು, ತೊಂದರೆ ಯಾವಾಗ ಕಾಣಿಸಿತು, ಜೊತೆಗೆ ಬೇರೆ ಏನು ತೆಗೆದುಕೊಳ್ಳುತ್ತಿದ್ದಿರಿ, ನಿಲ್ಲಿಸಿದ ಮೇಲೆ ಕಡಿಮೆಯಾಯಿತಾ, ಇಷ್ಟು ಬರೆದರೆ ಸಾಕು. ಔಷಧದಿಂದಲೇ ಆಯಿತು ಎಂದು ಸಾಬೀತು ಮಾಡುವ ಹೊಣೆ ಬರೆಯುವವರದ್ದಲ್ಲ, ಅನುಮಾನ ಇದ್ದರೂ ಬರೆಯಬಹುದು. ಬ್ಯಾಚ್ ಸಂಖ್ಯೆಯನ್ನೂ ಕೇಳುತ್ತಾರೆ. ಅದು ಸಾಮಾನ್ಯವಾಗಿ ಸ್ಟ್ರಿಪ್‌ನ ಅಂಚಿನಲ್ಲಿರುತ್ತದೆ, ಕೊನೆಯ ಮಾತ್ರೆ ತೆಗೆಯುವಷ್ಟರಲ್ಲಿ ಹರಿದುಹೋಗಿರುತ್ತದೆ. ಹೊಸ ಔಷಧ ಶುರು ಮಾಡುವ ದಿನವೇ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.